ಬೂತಾಯಿ ಎಣ್ಣೆ ಮತ್ತು ಹಿಂದಿನ ಬ್ರೇಕು

ಮನುಷ್ಯನನ್ನು ಕೆಡಿಸುವ ಶತ್ರುಗಳು ಆರು ಎಂದು ಹಿರಿಯರು ಲೆಕ್ಕ ಹಾಕಿ ಇಟ್ಟಿದ್ದಾರೆ: ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯ. ಎಲ್ಲರೂ ಘನವಂತ ಶತ್ರುಗಳೇ. ಅವರ ಕೈಯಲ್ಲಿ ಸೋತವನಿಗೂ ಸಮಾಜದಲ್ಲಿ ಒಂದು ಬಗೆಯ ಮರ್ಯಾದೆ ಉಂಟು. ನನ್ನನ್ನು ಕೆಡಿಸಿದ್ದು ಒಂದೂವರೆ ಬಾಟಲಿ ಬೂತಾಯಿ ಎಣ್ಣೆ.

ಈಚೆಗೆ ಒಂದು ಸಂಜೆ ಕಾಪುವಿನ ದೀಪಸ್ತಂಭದ ಕೆಳಗೆ ಮರಳಿನಲ್ಲಿ ನಡೆಯುತ್ತಿದ್ದೆ. ಯಾರೋ ಒಬ್ಬರು ಮರದ ದೋಣಿಯನ್ನು ಮಗುಚಿ ಹಾಕಿ ಅದರ ಬೆನ್ನಿಗೆ ಎಣ್ಣೆ ಬಳಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗಾಲು ತನ್ನಷ್ಟಕ್ಕೆ ತಾನೇ ಮರಳನ್ನು ಬಲವಾಗಿ ಒತ್ತಿ ನಿಂತಿತು. ಜೊತೆಗಿದ್ದ ಹೆಂಡತಿ, "ಎಂತ, ಮುಳ್ಳು ಚುಚ್ಚಿತಾ?" ಎಂದಳು. ಹೌದು ಎಂದೆ. ಆ ಎಣ್ಣೆಯ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಮದುವೆಯಾಗಿರಲಿಲ್ಲ. ಆದಿ ಉಡುಪಿಯಲ್ಲಿ ಅಮ್ಮನ ಜೊತೆ ವಾಸ. ಅಮ್ಮ ಮಡಿಯ ವಿಷಯದಲ್ಲಿ ಮಠದವರಿಗೇ ತಿದ್ದುಪಡಿ ಸೂಚಿಸಬಲ್ಲವರು. ಆ ವರ್ಷ ಬೇಸಿಗೆಯಲ್ಲಿ ಮಣಿಪಾಲದ ನಿವೃತ್ತ ಡಾಕ್ಟರರೊಬ್ಬರಿಂದ ಒಂದು ಹಳೆಯ ಅಂಬಾಸಿಡರ್ ಕೊಂಡಿದ್ದೆ. ನಮ್ಮ ಮನೆತನದಲ್ಲಿ ಅದಕ್ಕಿಂತ ಮೊದಲು ನಾಲ್ಕು ಚಕ್ರ ಇದ್ದದ್ದು ಮಕ್ಕಳ ಆಟದ ಗಾಡಿಗೆ ಮಾತ್ರ. ಹಾಗಾಗಿ ನಾನು ಅದನ್ನು ದಿನಕ್ಕೆ ಎರಡು ಸಲ ಒರೆಸುತ್ತಿದ್ದೆ, ಮೂರು ಸಲ ನೋಡುತ್ತಿದ್ದೆ.

ಕಾರು ತಂದವರಿಗೆಲ್ಲ ನಮ್ಮ ಊರಿನಲ್ಲಿ ಒಂದೇ ಭಯ: ತುಕ್ಕು. ಸಮುದ್ರದ ಗಾಳಿಯಲ್ಲಿ ಉಪ್ಪು, ಮೇಲಿಂದ ನಾಲ್ಕು ತಿಂಗಳ ಮಳೆ. ಈ ಭಯವನ್ನು ನಾನು ದೂಮಣ್ಣನಲ್ಲಿ ತೋಡಿಕೊಂಡೆ. ದೂಮಣ್ಣ ನಮ್ಮ ಪ್ರಯೋಗಶಾಲೆಯ ಅಟೆಂಡರ್, ಕಾಪುವಿನ ಮೊಗವೀರ. ಅವನ ಅಣ್ಣಂದಿರು ಇನ್ನೂ ಕಡಲಿಗೆ ಹೋಗುತ್ತಿದ್ದರು.

"ಸಾರ್, ನಮ್ಮ ದೋಣಿ ಇಪ್ಪತ್ತು ವರ್ಷದಿಂದ ಉಪ್ಪುನೀರಿನ ಒಳಗೇ ಉಂಟು," ಎಂದ ದೂಮಣ್ಣ. "ನಿಮ್ಮ ಕಾರಿಗೆ ಉಪ್ಪುಗಾಳಿ ತಾಗಿದ್ದಕ್ಕೇ ಇಷ್ಟು ಹೆದರಿಕೆಯಾ? ಮಳೆಗೆ ಮೊದಲು ಬೂತಾಯಿ ಎಣ್ಣೆ ಬಳಿಯಿರಿ. ಲಾರಿಯವರೂ ಬಳಿಯುತ್ತಾರೆ. ಆದರೆ ಅಡಿಯ ಚಾಸಿಗೆ ಮಾತ್ರ, ಆಯ್ತಾ? ಒಳಗೆಲ್ಲ ಬೇಡ."

ಬೂತಾಯಿ ನಮ್ಮ ಕರಾವಳಿಯ ಬಡವರ ಮೀನು. ಅದನ್ನು ಬೇಯಿಸಿ ಹಿಂಡಿ ತೆಗೆದ ಎಣ್ಣೆಯ ವಾಸನೆಯನ್ನು ವರ್ಣಿಸುವುದಿಲ್ಲ. ಬಲ್ಲವರು ಬಲ್ಲರು, ಉಳಿದವರು ಪುಣ್ಯವಂತರು. ದೂಮಣ್ಣ ಎರಡು ಬಾಟಲಿಯಲ್ಲಿ ತುಂಬಿ, ಕಾಗದ ಸುತ್ತಿ, ಪ್ರಯೋಗಶಾಲೆಯ ಆಸಿಡ್ ಎಂಬಂತೆ ಜೋಪಾನವಾಗಿ ಕೊಟ್ಟ. ಅಮ್ಮ ಏಕಾದಶಿಯ ದಿನ ಮಠಕ್ಕೆ ಹೋದ ಸಮಯ ನೋಡಿ ನಾನು ಕಾರಿನ ಶೆಡ್ಡಿನ ಬಾಗಿಲು ಹಾಕಿಕೊಂಡೆ. ಏಕಾದಶಿಯ ದಿನವೇ! ಲುಂಗಿ ಎತ್ತಿ ಕಟ್ಟಿ, ಕಾರಿನ ಅಡಿ ಮಲಗಿ, ಚಾಸಿಯ ಒಂದು ಅಂಗುಲವನ್ನೂ ಬಿಡದೆ ಬಳಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಎಣ್ಣೆ ಉಳಿಯಿತು. ಉಳಿದ ಎಣ್ಣೆಯನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಹಿಂದಿನ ಚಕ್ರ ಕಳಚಿ ಬ್ರೇಕಿನ ಡ್ರಮ್ ತೆಗೆದು ನೋಡಿದೆ. ಒಳಗೆ ಅರ್ಧಚಂದ್ರಾಕಾರದ ಎರಡು ಕಬ್ಬಿಣದ ಷೂ, ಅವುಗಳ ಮೈಗೆ ಅಂಟಿಸಿದ, ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಲೈನಿಂಗ್, ಎಳೆದು ಹಿಡಿಯಲು ಸ್ಪ್ರಿಂಗ್. ಕಬ್ಬಿಣದ ಮೇಲೆ ಅಲ್ಲಲ್ಲಿ ತುಕ್ಕಿನ ಚುಕ್ಕೆ. ಲೈನಿಂಗಿಗೆ ತಾಗದ ಹಾಗೆ, ಕಬ್ಬಿಣಕ್ಕೆ ಮಾತ್ರ, ಸಣ್ಣ ಬ್ರಶ್ಶಿನಿಂದ ಎಣ್ಣೆ ಹಚ್ಚಿದೆ. ದೀಪದ ಬತ್ತಿ ಎಣ್ಣೆಯನ್ನು ಹೇಗೆ ಹೀರುತ್ತದೆ ಎಂಬ ಪಾಠವನ್ನು ನಾನು ಪ್ರತಿ ವರ್ಷ ಎರಡು ತರಗತಿಗಳಿಗೆ ಮಾಡುತ್ತಿದ್ದೆ. ಲೈನಿಂಗ್ ಕೂಡ ಒಂದು ಬತ್ತಿಯೇ ಎಂದು ಆ ದಿನ ಹೊಳೆಯಲಿಲ್ಲ.

ಅಮ್ಮ ಬಂದವರು ಅಂಗಳದಲ್ಲೇ ನಿಂತು ಮೂಗು ಅರಳಿಸಿದರು. "ಎಂತ ಇದು ವಾಸನೆ?"

"ಮಲ್ಪೆಯಿಂದ ಮೀನಿನ ಲಾರಿ ಹೋಯಿತಮ್ಮ."

"ಲಾರಿ ಹೋದದ್ದಾ, ಇಲ್ಲೇ ನಿಂತದ್ದಾ?" ಎನ್ನುತ್ತ ಅವರು ಪುನಃ ಸ್ನಾನಕ್ಕೆ ಹೋದರು.

ಜೂನ್ ಬಂತು, ಮಳೆ ಬಂತು. ಮೊದಲ ಎರಡು ವಾರ ಬ್ರೇಕು ಜಾರುತ್ತಿತ್ತು. ಮಳೆಯೆಂದು ಸಮಾಧಾನ ಮಾಡಿಕೊಂಡೆ. ಮೂರನೆಯ ವಾರ ಒಂದು ಬೆಳಿಗ್ಗೆ ಶೆಡ್ಡಿನಿಂದ ಕಾರು ಹೊರಡಲೇ ಇಲ್ಲ. ಎಂಜಿನ್ ಗರ್ಜಿಸುತ್ತದೆ, ಹಿಂದಿನ ಚಕ್ರ ಅಲುಗುವುದಿಲ್ಲ. ಹಟಮಾರಿ ಎಮ್ಮೆಯನ್ನು ಎಳೆದಂತೆ ಎಳೆದ ಮೇಲೆ 'ಟಪ್' ಎಂದು ಬಿಟ್ಟುಕೊಂಡಿತು. ಮತ್ತೊಂದು ದಿನ ಮಣಿಪಾಲದಿಂದ ಇಳಿಯುವಾಗ ಬ್ರೇಕಿಗೆ ಕಾಲು ತಾಗಿಸಿದ್ದಷ್ಟೇ, ಹಿಂದಿನ ಚಕ್ರಗಳು ಪೂರ್ತಿ ಬಿಗಿದು ರಸ್ತೆಯಲ್ಲಿ ಉಜ್ಜಿಕೊಂಡು ಹೋದವು.

ಆ ಇಳಿಜಾರು ಮುಗಿಯುವ ಇಂದ್ರಾಳಿಯಲ್ಲಿ ಫೆಲಿಕ್ಸರ ವರ್ಕ್‌ಶಾಪ್ ಇತ್ತು. ಬ್ರೇಕು ಕೆಟ್ಟ ಗಾಡಿಗಳು ತಾವಾಗಿಯೇ ಬಂದು ಸೇರುವ ಜಾಗ. ನಮ್ಮ ಕಡೆ ಕೊಂಕಣಿ ಕ್ರೈಸ್ತರನ್ನು ಮರ್ಯಾದೆಯಿಂದ 'ಪೊರ್ಬುಗಳು' ಎನ್ನುವ ವಾಡಿಕೆ. ಫೆಲಿಕ್ಸ್ ಪೊರ್ಬುಗಳು ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಕಾರಿನ ಕಿವಿಯಲ್ಲಿ ಮಾತನಾಡುವವರಂತೆ ಬಾನೆಟಿನ ಒಳಗೆ ತಲೆ ಹಾಕಿಕೊಂಡೇ ಇರುತ್ತಿದ್ದರು.

ಮೊದಲು ಹ್ಯಾಂಡ್‌ಬ್ರೇಕಿನ ಕೇಬಲ್ ನೋಡಿದರು. "ಕೇಬಲ್ ಹಿಡಿದರೆ ಹೀಗಾಗ್ತದೆ ಮಾಸ್ಟ್ರೆ," ಎಂದು ಅದನ್ನು ಬಿಚ್ಚಿ, ಎಳೆದು, ಬಿಟ್ಟು ಪರೀಕ್ಷಿಸಿದರು. ಸಲೀಸಾಗಿ ಓಡಿತು. ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಬ್ರೇಕ್ ಆಯಿಲಿನ ಒತ್ತಡ ಉಳಿದಿದೆಯೇ ಎಂದು ತಿರುಪು ಸಡಿಲಿಸಿ ನೋಡಿದರು. ಉಳಿದಿರಲಿಲ್ಲ. ಕೊನೆಗೆ ಡ್ರಮ್ ತೆಗೆದರು. ಬೆರಳಿನಿಂದ ಲೈನಿಂಗ್ ಮುಟ್ಟಿದರು; ಬೆರಳು ಅಂಟಿ ಎದ್ದಿತು. ಮೂಸಿದರು. ನನ್ನನ್ನು ನೋಡಿದರು.

"ಮಾಸ್ಟ್ರೆ, ಇದಕ್ಕೆ ಯಾರಾದರೂ ಎಂತಾದರೂ ಬಳಿದಿದ್ದಾರಾ?"

"ಇಲ್ಲವಲ್ಲ."

"ಬೂತಾಯಿ ವಾಸನೆ ಬರ್ತದೆ."

ಶೆಡ್ಡಿನಲ್ಲಿ ಇನ್ನೂ ಇಬ್ಬರು ಗಿರಾಕಿಗಳು ಕುಳಿತಿದ್ದರು. ಅವರಲ್ಲಿ ಒಬ್ಬರು ಅಮ್ಮನ ಜೊತೆ ಮಠಕ್ಕೆ ಹೋಗುವವರ ಮಗ. ನನಗೆ ಮೈಯೆಲ್ಲ ಬಿಸಿಯಾಯಿತು. ಆಗ ನನ್ನ ಬಾಯಿಯಿಂದ ಬಂದ ಮಾತನ್ನು ನಾನು ಇಷ್ಟು ವರ್ಷವೂ ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತೇನೆ.

"ನಮ್ಮ ಮನೆಯಲ್ಲಿ ಬೂತಾಯಿ ಎಲ್ಲಿಂದ ಬರಬೇಕು ಪೊರ್ಬುಗಳೆ? ನಿಮ್ಮ ಕೈಯದ್ದೇ ವಾಸನೆ ಇರಬಹುದು. ಬೆಳಿಗ್ಗೆ ಊಟಕ್ಕೆ ಎಂತ ಇತ್ತು?"

ಗಿರಾಕಿಗಳು ನಕ್ಕರು. ಫೆಲಿಕ್ಸ್ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಎದ್ದು ಹೋಗಿ ಬಾವಿಕಟ್ಟೆಯ ಬಳಿ ಸಾಬೂನು ಹಾಕಿ ಮೊಣಕೈವರೆಗೆ ತೊಳೆದು ಬಂದರು. ಬಂದು ಲೈನಿಂಗನ್ನು ಪೆಟ್ರೋಲಿನಲ್ಲಿ ಅದ್ದಿ ತಿಕ್ಕಿದರು, ಮರಳುಕಾಗದದಿಂದ ಉಜ್ಜಿದರು, ಕಬ್ಬಿಣವನ್ನು ಹೊಳೆಯುವಂತೆ ಒರೆಸಿದರು. "ಈಗ ಸರಿಯಾಗ್ತದೆ. ಆದರೆ ಎಣ್ಣೆ ಒಳಗೆ ಹೀರಿದೆ. ಹೊಸ ಲೈನಿಂಗ್ ಹಾಕುವುದು ಒಳ್ಳೆಯದು," ಎಂದರು. ಬೇಡ ಎಂದೆ. ಹೊಸ ಲೈನಿಂಗ್ ಹಾಕಿಸಿದರೆ ಎಣ್ಣೆಯನ್ನು ಒಪ್ಪಿಕೊಂಡ ಹಾಗೆ ಎಂಬುದು ನನ್ನ ತರ್ಕ.

ಹೊರಡುವಾಗ ಅವರು ಕಾರಿನ ಕಿಟಕಿಯ ಬಳಿ ಬಂದು ನಿಂತರು. "ಮಾಸ್ಟ್ರೆ, ಒಂದು ಉಪಕಾರ ಆಗಬೇಕಿತ್ತು. ಕುವೈತಿಗೆ ಮೆಕ್ಯಾನಿಕ್ ಬೇಕಂತೆ. ಬೊಂಬಾಯಿಯಲ್ಲಿ ನನ್ನ ಭಾವ ಇದ್ದಾನೆ, ಅವನೇ ಹೇಳಿ ಕಳಿಸಿದ್ದು. ಆಗಸ್ಟಿನಲ್ಲಿ ಇಂಟರ್ವ್ಯೂ. ಕೆಲಸ ನೋಡಿದ ದೊಡ್ಡವರ ಕಾಗದ ಕೇಳ್ತಾರಂತೆ, ಇಂಗ್ಲಿಷಿನಲ್ಲಿ. ಮೂರು ಹೆಣ್ಣು ಮಕ್ಕಳು ಮಾಸ್ಟ್ರೆ. ಈ ವಯಸ್ಸಿನಲ್ಲಿ ಹೋಗದಿದ್ದರೆ ಮತ್ತೆ ಕರೆಯುವವರಿಲ್ಲ."

"ಅದಕ್ಕೇನು, ಬರೆದು ಕೊಡುವ," ಎಂದೆ. ಆ ಕಾಲದಲ್ಲಿ ಸರ್ಟಿಫಿಕೇಟು ಬರೆಯುವುದು ನನಗೊಂದು ಚಟ. ಆದಿ ಉಡುಪಿಯಲ್ಲಿ ನನ್ನ ಸಹಿಯಿಲ್ಲದೆ ಯಾರ ಶೀಲವೂ ಪೂರ್ಣವಾಗುತ್ತಿರಲಿಲ್ಲ.

ಒಂದು ತಿಂಗಳು ಬ್ರೇಕು ಚಿನ್ನದಂತೆ ಇತ್ತು. ನಾನು ಮಾತ್ರ ನೆಮ್ಮದಿಯಿಂದ ಇರಲಿಲ್ಲ. ಪೊರ್ಬುಗಳು ಎಣ್ಣೆಯನ್ನೆಲ್ಲ ಒರೆಸಿಬಿಟ್ಟಿದ್ದಾರೆ, ಆಷಾಢದ ಮಳೆ, ಆ ಬೆತ್ತಲೆ ಕಬ್ಬಿಣದ ಗತಿಯೇನು? ಅಲ್ಲದೆ ವಿಜ್ಞಾನ ನನ್ನ ಪಕ್ಷದಲ್ಲಿತ್ತು. ಎಣ್ಣೆ ಘರ್ಷಣೆಯನ್ನು ಕಡಿಮೆ ಮಾಡುತ್ತದೆ. ನನ್ನ ಬ್ರೇಕಿನ ತೊಂದರೆ ಜಾರುವುದಲ್ಲ, ಹಿಡಿಯುವುದು. ಆದ್ದರಿಂದ ಎಣ್ಣೆ ನಿರಪರಾಧಿ. ಕಪ್ಪುಹಲಗೆಯ ಮೇಲೆ ಈ ತರ್ಕಕ್ಕೆ ನೂರಕ್ಕೆ ನೂರು ಅಂಕ ಸಿಗುತ್ತಿತ್ತು. ಅಮ್ಮ ಪುರಾಣ ಕೇಳಲು ಹೋದ ಒಂದು ಮಧ್ಯಾಹ್ನ ಎರಡನೆಯ ಬಾಟಲಿಯ ಅರ್ಧವನ್ನು ಖಾಲಿ ಮಾಡಿದೆ.

ಆಗಸ್ಟಿನ ಮೊದಲ ಭಾನುವಾರ ಅಮ್ಮನನ್ನು ಕಾರ್ಕಳದ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೊರಟೆ. ಹಿರಿಯಡ್ಕ ದಾಟಿ ಬೈಲೂರಿನ ತಿರುವಿನಲ್ಲಿ ಒಂದು ಕರು ಅಡ್ಡ ಬಂತು. ಮೆಲ್ಲಗೆ ಬ್ರೇಕ್ ಒತ್ತಿದೆ. ಹಿಂದಿನ ಚಕ್ರ ಎರಡೂ ಒಮ್ಮೆಲೇ ಬಿಗಿದವು. ಕಾರಿನ ಹಿಂಭಾಗವು ಮುಂಭಾಗವನ್ನು ಹಿಂದಿಕ್ಕುವ ನಿರ್ಧಾರ ಮಾಡಿತು. ಒದ್ದೆ ರಸ್ತೆಯಲ್ಲಿ ಅರ್ಧ ಪ್ರದಕ್ಷಿಣೆ ಹಾಕಿ, ಕೆಸರಿನ ಚರಂಡಿಯ ಅಂಚಿನಲ್ಲಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತೆವು. ಕರು ಮೇಯುತ್ತಲೇ ಇತ್ತು. ಬಿಸಿಯಾದ ಚಕ್ರಗಳಿಂದ ಒಂದು ಹೊಗೆ ಎದ್ದಿತು. ಅಮ್ಮ ಸೆರಗನ್ನು ಮೂಗಿಗೆ ಹಿಡಿದರು.

"ಇದು ಉಡುಪಿಗೇ ತಿರುಗಿತಲ್ಲ ಮಾರಾಯ!" ಎಂದರು. ಆಮೇಲೆ ಸೆರಗಿನ ಮರೆಯಿಂದಲೇ, "ಇಲ್ಲಿಗೂ ಮೀನಿನ ಲಾರಿ ಬರ್ತದಾ?" ಎಂದರು.

ಅಮ್ಮನಿಗೆ ಏನಾದರೂ ಆಗಿದ್ದರೆ ಎಂದು ನನಗೆ ಬಂದ ಹೆದರಿಕೆ, ಮನೆಗೆ ಮುಟ್ಟುವಷ್ಟರಲ್ಲಿ ಸಿಟ್ಟಾಗಿತ್ತು. ಸಿಟ್ಟಿಗೆ ಒಬ್ಬ ಮನುಷ್ಯ ಬೇಕು. ರಿಪೇರಿ ಮಾಡಿದ್ದು ಯಾರು? ಫೆಲಿಕ್ಸ್. ನನ್ನ ತಾಯಿಯ ಜೀವಕ್ಕೆ ಅಪಾಯ ತಂದದ್ದು ಯಾರು? ಫೆಲಿಕ್ಸ್. ಅದೇ ಸಂಜೆ ಮೇಜಿನ ಮುಂದೆ ಕುಳಿತು, ಕಾಲೇಜಿನ ಹೆಸರಿದ್ದ ಕಾಗದದ ಮೇಲೆ, ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಸರ್ಟಿಫಿಕೇಟು ಬರೆದೆ. ಈತ ಪ್ರಾಮಾಣಿಕ, ಕುಡಿತವಿಲ್ಲ, ಸಮಯಕ್ಕೆ ಸರಿಯಾಗಿ ಬರುವವನು. ಆದರೆ ಬ್ರೇಕಿನ ಕೆಲಸದಲ್ಲಿ, ನನ್ನ ಸ್ವಂತ ಅನುಭವದ ಆಧಾರದಿಂದ, ಈತನನ್ನು ಶಿಫಾರಸು ಮಾಡಲು ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ. ಮನಸ್ಸಾಕ್ಷಿ ಎಂಬ ಶಬ್ದವನ್ನು ಸರಿಯಾಗಿ ಬರೆದಿದ್ದೇನೆಯೇ ಎಂದು ಡಿಕ್ಷನರಿಯನ್ನೂ ನೋಡಿದೆ. ಲಕೋಟೆಗೆ ಹಾಕಿ ಅಂಟಿಸಿದೆ.

ಮರುದಿನ ಫೆಲಿಕ್ಸ್ ಮನೆಯ ಗೇಟಿಗೆ ಬಂದರು. ಲಕೋಟೆಯನ್ನು ಎರಡೂ ಕೈಯಿಂದ ತೆಗೆದುಕೊಂಡು, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಂಗಿಯ ಒಳಗೆ ಇಟ್ಟರು. "ದೇವರು ಒಳ್ಳೆಯದು ಮಾಡಲಿ ಮಾಸ್ಟ್ರೆ," ಎಂದರು. ಬ್ರೇಕು ಮತ್ತೆ ಹಿಡಿದದ್ದನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಬೊಂಬಾಯಿಯ ಪ್ರಯಾಣ ಒಂದು ದಿನ ಮುಂದೂಡಿ ಕಾರು ನೋಡುತ್ತಿದ್ದರು. ಅದು ನನಗೆ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ.

ತೀರ್ಪು ಕೊಟ್ಟಾದ ಮೇಲೆ ಸಾಕ್ಷ್ಯ ಹುಡುಕುವ ನ್ಯಾಯಾಧೀಶ ನಾನೊಬ್ಬನೇ ಆಗಿರಲಾರೆ. ಎಣ್ಣೆಯ ನಿರ್ದೋಷಿತ್ವವನ್ನು ಶಾಸ್ತ್ರೋಕ್ತವಾಗಿ ಸ್ಥಾಪಿಸಬೇಕೆಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ಕಬ್ಬಿಣದ ಹಲಗೆ ಇಟ್ಟೆ. ಗುಜರಿಯಿಂದ ತಂದ ಹಳೆಯ ಲೈನಿಂಗಿನ ಮೂರು ತುಂಡು. ಒಂದನ್ನು ಒಣ ತುಂಡಾಗಿಯೇ ಬಿಟ್ಟೆ. ಒಂದಕ್ಕೆ ಬೂತಾಯಿ ಎಣ್ಣೆ ಹಚ್ಚಿ ಹಲಗೆಯ ಮೇಲೆ ಒಂದು ವಾರ ಕೂರಿಸಿದೆ. ಇನ್ನೊಂದಕ್ಕೆ ಪರೀಕ್ಷೆಯ ದಿನವೇ ಹಚ್ಚಿದೆ. ದಿನ ಬಂದಾಗ ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತಿದೆ. ಹೊಸ ಎಣ್ಣೆಯದು ಕೂಡಲೇ ಜಾರಿತು. ಒಣ ತುಂಡು ಸ್ವಲ್ಪ ತಡೆದು ಜಾರಿತು. ವಾರದ ಎಣ್ಣೆಯದು ಹಲಗೆ ಗೋಡೆಯಂತೆ ನೆಟ್ಟಗೆ ನಿಂತರೂ ಅಲ್ಲೇ ಇತ್ತು.

ದೂಮಣ್ಣ ಪಕ್ಕದಲ್ಲಿ ಬೀಕರ್ ತೊಳೆಯುತ್ತಿದ್ದ. "ತಲೆಕೆಳಗೆ ಹಿಡಿಯಿರಿ ಸಾರ್," ಎಂದ.

ಹಿಡಿದೆ. ಬೀಳಲಿಲ್ಲ.

"ಅದು ಒಣಗಿದರೆ ಗೋಂದಲ್ವಾ?" ಎಂದ ದೂಮಣ್ಣ. "ನೀರು ಹೊಗದ ಹಾಗೆ ಹಲಗೆಗೆ ಹಿಡಿದುಕೊಳ್ಳಬೇಕು ಅಂತಲೇ ದೋಣಿಗೆ ಬಳಿಯುವುದು. ಸ್ವಲ್ಪ ಬಿಸಿಯಾದರಂತೂ ಹಲಸಿನ ಮೇಣವೇ." ಆಮೇಲೆ ನನ್ನ ಮುಖ ನೋಡಿ, ಕೈಯಲ್ಲಿದ್ದ ಬೀಕರ್ ಕೆಳಗಿಟ್ಟ. "ಬ್ರೇಕಿನ ಒಳಗೆ ಹಾಕಿದಿರಾ ಸಾರ್?"

ಇದಕ್ಕೂ ಇಲ್ಲ ಎಂದೆ. ಆದರೆ ಆ ಸುಳ್ಳಿನಲ್ಲಿ ಮೊದಲಿನ ಬಲ ಇರಲಿಲ್ಲ.

ಅದು ಸೋಮವಾರ. ನೇರ ಇಂದ್ರಾಳಿಗೆ ಹೋದೆ. ವರ್ಕ್‌ಶಾಪಿನ ಹಿಂದೆಯೇ ಮನೆ. ಫೆಲಿಕ್ಸರ ಹೆಂಡತಿ ಲಿಲ್ಲಿಬಾಯಿ ಬಾಗಿಲಿಗೆ ಬಂದರು. ಇಂಟರ್ವ್ಯೂ ಗುರುವಾರ ಎಂದರು. ಬೊಂಬಾಯಿಯ ವಿಳಾಸ ಕೊಟ್ಟರು. "ನಿಮ್ಮ ಕಾಗದವನ್ನು ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡಿದ್ದಾರೆ ಮಾಸ್ಟ್ರೆ. ಬೇರೆಯವರದ್ದು ಎರಡುಂಟು, ಆದರೆ ಕಾಲೇಜಿನವರದ್ದು ತೂಕ ಅಲ್ವಾ?" ಎಂದು ನನಗೆ ಬೆಲ್ಲದ ಕಾಫಿ ಕೊಟ್ಟರು. ಕುಡಿದೆ.

ಅಲ್ಲಿಂದ ತಂತಿ ಕೊಡಲು ಅಂಚೆ ಕಚೇರಿಗೆ ಬಂದೆ. ಸೋಮವಾರ ಕೊಟ್ಟರೆ ಮಂಗಳವಾರ ಮುಟ್ಟುತ್ತದೆ. ಫಾರಂ ತುಂಬಿಸಿದೆ: ಕಾಗದ ಕೊಡಬೇಡಿ, ಬ್ರೇಕಿನ ತಪ್ಪು ನನ್ನದು, ಮೀನೆಣ್ಣೆ. ಕೌಂಟರಿನ ಗುಮಾಸ್ತರಿಗೆ ಶಬ್ದಗಳನ್ನು ಎಣಿಸುವಾಗ ಗಟ್ಟಿಯಾಗಿ ಓದುವ ಅಭ್ಯಾಸ. ಉಡುಪಿಯ ಎಷ್ಟೋ ಮನೆಯ ಸಾವು ಮೊದಲು ತಿಳಿಯುತ್ತಿದ್ದದ್ದು ಆ ಸಾಲಿನಲ್ಲಿ ನಿಂತವರಿಗೆ.

"ಬ್ರೇಕ್... ಫಾಲ್ಟ್... ಮೈನ್... ಫಿಶ್... ಆಯಿಲ್," ಎಂದು ಓದಿ, ಕನ್ನಡಕದ ಮೇಲಿನಿಂದ ನೋಡಿದರು. "ಫಿಶ್ ಆಯಿಲಾ ಮಾಸ್ಟ್ರೆ? ನಿಮಗಾ? ಟಾನಿಕ್ಕಿಗೋ?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ತಿರುಗಿದೆ. ನನ್ನ ವಿದ್ಯಾರ್ಥಿಯೊಬ್ಬನ ತಂದೆ. ಅವರ ಹಿಂದೆ ಮಠದ ಪಾರುಪತ್ಯದ ಮುದುಕರು, ಅಮ್ಮನ ದೂರದ ಸಂಬಂಧ. ಇಬ್ಬರೂ ತುಂಬ ಕಾಳಜಿಯಿಂದ ನನ್ನನ್ನೇ ನೋಡುತ್ತಿದ್ದರು.

"ವಾಕ್ಯ ಸ್ವಲ್ಪ ತಿದ್ದಬೇಕು," ಎಂದು ಫಾರಂ ಹಿಂದಕ್ಕೆ ತೆಗೆದುಕೊಂಡೆ. ಮಡಚಿ ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ. 'ಫಿಶ್ ಆಯಿಲ್' ಎಂಬ ಎರಡು ಶಬ್ದ ಬಿಟ್ಟರೂ ತಂತಿ ತಂತಿಯೇ. ಅದು ಹೊರಗೆ ಬಂದ ಎರಡನೆಯ ನಿಮಿಷಕ್ಕೇ ಹೊಳೆಯಿತು. ಆದರೆ ಮುದುಕರು ಇನ್ನೂ ಒಳಗಿದ್ದರು. ಮನೆಗೆ ಹೋಗಿ ನಾಲ್ಕು ಪುಟದ ಪತ್ರ ಬರೆದೆ. ಬಹಳ ಒಳ್ಳೆಯ ಪತ್ರ. ಪಶ್ಚಾತ್ತಾಪವಿತ್ತು, ಘರ್ಷಣೆಯ ಸಿದ್ಧಾಂತವಿತ್ತು, ಒಂದು ಚಿತ್ರವೂ ಇತ್ತು. ಐದು ಪೈಸೆಯ ಕೊರತೆಯೂ ಬಾರದಂತೆ ತೂಗಿಸಿ ಸ್ಟಾಂಪ್ ಹಚ್ಚಿ ಡಬ್ಬಿಗೆ ಹಾಕಿದೆ. ಗುರುವಾರ ಬಂತು, ಹೋಯಿತು.

ಫೆಲಿಕ್ಸ್ ತಿಂಗಳ ಕೊನೆಗೆ ಹಿಂದಿರುಗಿದರು. ಕಾರನ್ನು ಮೆಲ್ಲಗೆ, ಬರೇ ಗೇರಿನಲ್ಲೇ ನಿಯಂತ್ರಿಸುತ್ತ ಇಂದ್ರಾಳಿಗೆ ಒಯ್ದೆ. ಆ ದಿನ ಬೇರೆ ಗಿರಾಕಿಗಳು ಇರಲಿಲ್ಲ. ಇದ್ದಿದ್ದರೆ ಬಾಯಿ ಬಿಡುತ್ತಿದ್ದೆನೋ ಇಲ್ಲವೋ, ಪ್ರಮಾಣ ಮಾಡಿ ಹೇಳಲಾರೆ.

"ಪೊರ್ಬುಗಳೆ, ಆ ಎಣ್ಣೆ..."

"ಗೊತ್ತುಂಟು ಮಾಸ್ಟ್ರೆ."

"ಅದನ್ನು ಬಳಿದದ್ದು ನಾನೇ."

"ಡ್ರಮ್ ತೆಗೆದ ದಿನವೇ ಗೊತ್ತಾಗಿತ್ತು. ಬ್ರಶ್ಶಿನ ಎರಡು ಕೂದಲು ಸ್ಪ್ರಿಂಗಿಗೆ ಅಂಟಿಕೊಂಡಿತ್ತು."

"ಮತ್ತೆ ಆವತ್ತೇ ಯಾಕೆ ಹೇಳಲಿಲ್ಲ?"

"ಹೇಳಿದೆನಲ್ಲ," ಎಂದರು.

ನಾನು ಕಾಗದದ ಮಾತು ಎತ್ತುವ ಮೊದಲು ಅವರೇ ಎತ್ತಿದರು. "ನಿಮ್ಮ ಮೊದಲನೆಯ ಕಾಗದವನ್ನು ಅಲ್ಲಿಯ ಆಫೀಸಿನವ ನನಗೇ ಓದಿ ಅರ್ಥ ಹೇಳಿದ. ಅಕ್ಷರ ಚಂದ ಉಂಟು ಅಂದ. ಎರಡನೆಯದು ಶನಿವಾರ ಬಂತು. ತೆಗೆದುಕೊಂಡು ಹೋಗಿ ತೋರಿಸಿದೆ. ಜನ ಆಯ್ಕೆ ಆಯಿತು ಅಂದರು." ಆಮೇಲೆ ಜಾಕ್ ತರಲು ತಿರುಗಿದವರು, "ಚಿತ್ರ ಸರಿಯಾಗಿ ಬಿಡಿಸಿದ್ದೀರಿ ಮಾಸ್ಟ್ರೆ. ಸ್ಪ್ರಿಂಗ್ ಮಾತ್ರ ತಿರುಗಾಮುರುಗ ಆಗಿದೆ," ಎಂದರು.

ಅದರಲ್ಲಿ ಕೊಂಕು ಇತ್ತೇ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಇರಲಿಲ್ಲ. ಸ್ಪ್ರಿಂಗ್ ನಿಜವಾಗಿಯೂ ತಿರುಗಾಮುರುಗ ಆಗಿತ್ತು.

ಬಳಿಕ ಅವರು ಬಾವಿಕಟ್ಟೆಗೆ ಹೋದರು. ಸಾಬೂನು ಹಾಕಿ ಮೊಣಕೈವರೆಗೆ ತೊಳೆದರು, ಬಟ್ಟೆಯಲ್ಲಿ ಒರೆಸಿಕೊಂಡರು, ಆಮೇಲೆ ಬಂದು ಕಾರಿನ ಬೀಗದಕೈಗೆ ಕೈ ಚಾಚಿದರು. ಬೇರೆ ಯಾರ ಕೀಲಿಯನ್ನೂ ಅವರು ಹಾಗೆ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ. ನನ್ನದನ್ನು ಮಾತ್ರ, ಮುಂದೆ ಎಷ್ಟು ವರ್ಷ ಹೋದರೂ, ಹಾಗೆಯೇ. ಎಣ್ಣೆಗೆ ಕ್ಷಮೆ ಕೇಳಿದೆ, ಕಾಗದಕ್ಕೆ ಕೇಳಿದೆ. ಕೈಯ ವಾಸನೆಯ ಆ ಮಾತಿಗೆ ಕೇಳಬೇಕೆಂದು ಪ್ರತಿ ಸಲವೂ ಅಂದುಕೊಂಡು ಹೋಗುತ್ತಿದ್ದೆ. ಅವರು ಕೈ ಒರೆಸಿಕೊಂಡು ಬಂದು ಎದುರು ನಿಂತ ಕೂಡಲೇ ಕೀಲಿ ಕೊಟ್ಟುಬಿಡುತ್ತಿದ್ದೆ.

ಹೊಸ ಲೈನಿಂಗ್ ಹಾಕಿದ ಮೇಲೆ ಹಿಂದಿನ ಬ್ರೇಕು ಒಮ್ಮೆಯೂ ಹಿಡಿಯಲಿಲ್ಲ. ಕಾರನ್ನು ಇನ್ನೂ ಒಂಬತ್ತು ವರ್ಷ ಓಡಿಸಿದೆ. ಫೆಲಿಕ್ಸ್ ಕುವೈತಿಗೆ ಹೋಗಲಿಲ್ಲ.